ಬ್ಯಾಂಕಾಕ್, ಸಿಂಗಾಪುರಕ್ಕೆ ಹಣ ಹೇಗೆ ಒಯ್ಯುವುದು? ನೋಟು, ಫಾರೆಕ್ಸ್ ಕಾರ್ಡ್, ಕ್ರೆಡಿಟ್ ಕಾರ್ಡ್: ಯಾವುದರಲ್ಲಿ ಸೋರಿಕೆ ಕಡಿಮೆ?

ದೊಂಬಿವಲಿಯ ಸೊಸೆ

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ನಾನು, ನನ್ನ ಯಜಮಾನರು, ಅತ್ತೆ ಮತ್ತು ಮಾವ, ಹೀಗೆ ನಾಲ್ವರು ಒಂಬತ್ತು ದಿನಗಳ ಮಟ್ಟಿಗೆ ಬ್ಯಾಂಕಾಕ್ ಮತ್ತು ಸಿಂಗಾಪುರಕ್ಕೆ ಹೊರಟಿದ್ದೇವೆ. ವಿಮಾನದ ಟಿಕೆಟ್ ಆಗಿದೆ. ಹೋಟೆಲ್ ಕಾಯ್ದಿರಿಸಿದ್ದೇವೆ, ಆದರೆ ಹಣವನ್ನು ಅಲ್ಲಿಯೇ ಕಟ್ಟಬೇಕು. ವಾಸ್ತವ್ಯ, ಊಟ, ಓಡಾಟ, ಸ್ವಲ್ಪ ಖರೀದಿ ಎಲ್ಲ ಸೇರಿ ಸುಮಾರು ₹2,50,000 ಬೇಕಾಗಬಹುದು ಎಂದು ಲೆಕ್ಕ ಹಾಕಿದ್ದೇವೆ.

ಟಿಕೆಟ್ ಮಾಡಿಕೊಟ್ಟ ಏಜೆಂಟರು ಎಲ್ಲವನ್ನೂ ಡಾಲರ್ ನೋಟಿನಲ್ಲಿ ಒಯ್ಯಿರಿ ಎನ್ನುತ್ತಾರೆ. ಕಚೇರಿಯ ಗೆಳತಿ, ಮೊದಲೇ ವಿದೇಶಿ ಹಣ ತುಂಬಿಸಿಕೊಳ್ಳುವ ಫಾರೆಕ್ಸ್ ಕಾರ್ಡ್ ಬಿಟ್ಟು ಬೇರೇನೂ ಬೇಡ ಎನ್ನುತ್ತಾಳೆ. ಮೈದುನನ ಪ್ರಕಾರ ಈಗ ಎಲ್ಲ ಕಡೆ ಯುಪಿಐ ನಡೆಯುತ್ತದೆ. ನಮ್ಮ ಮಾವನವರಂತೂ ಯಾವ ಕಾರ್ಡನ್ನೂ ನಂಬುವವರಲ್ಲ. ಈಗಾಗಲೇ ಎರಡು ಬನಿಯನ್‌ಗಳಿಗೆ ಒಳಜೇಬು ಹೊಲಿಸಿಕೊಂಡಿದ್ದಾರೆ. ನನಗೆ ಬೇಕಾಗಿರುವುದು ಇಷ್ಟೇ: ಯಾವ ದಾರಿಯಲ್ಲಿ ಹೋದರೆ ಕಡಿಮೆ ಹಣ ವ್ಯರ್ಥವಾಗುತ್ತದೆ?

ಮೀರಾ ರೋಡ್ ಶೆಟ್ಟಿ

ನಿಮ್ಮ ಮಾವನವರೇ ಸರಿ. ಕೈಯಲ್ಲಿ ನೋಟಿದ್ದರೆ ಯಾರ ಹಂಗೂ ಇಲ್ಲ.

ಪಿಂಪ್ರಿಯ ಎಂಜಿನಿಯರ್

ಶೆಟ್ಟರೇ, ಎರಡೂವರೆ ಲಕ್ಷವನ್ನು ಬನಿಯನ್ನಿನಲ್ಲಿ ಇಟ್ಟುಕೊಂಡು ತಿರುಗುವುದು ಪ್ರವಾಸವಲ್ಲ, ಕಾವಲು ಕೆಲಸ. ಮಾರ್ಕಪ್ (ವಿದೇಶಿ ಖರ್ಚಿನ ಮೇಲೆ ಬ್ಯಾಂಕ್ ಹಾಕುವ ಶೇಕಡಾವಾರು ಶುಲ್ಕ) ಇಲ್ಲದ ಕ್ರೆಡಿಟ್ ಕಾರ್ಡ್ ಅಥವಾ ಡೆಬಿಟ್ ಕಾರ್ಡ್ ಒಂದನ್ನು ಮಾಡಿಸಿಕೊಂಡರೆ ಈ ಪ್ರಶ್ನೆಯೇ ಉಳಿಯುವುದಿಲ್ಲ. ನಾನು ಮೂರು ದೇಶಗಳನ್ನು ಅದರಲ್ಲಿಯೇ ಮುಗಿಸಿದ್ದೇನೆ.

ಮಾಟುಂಗದ ನಿವೃತ್ತ

ನಾನು ಒಂದು ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ಕುಳಿತು ಎದ್ದವನು. ಆದ್ದರಿಂದ ಉತ್ತರ ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ತಂಗಿ, ಯಾವ ಕಾರ್ಡ್ ಎಂದು ಕೇಳುವ ಮೊದಲು ಹಣ ಎಲ್ಲೆಲ್ಲಿ ಸೋರುತ್ತದೆ ಎಂದು ನೋಡಬೇಕು. ಮೊದಲನೆಯದು ದರದ ಅಂತರ. ಗೂಗಲ್‌ನಲ್ಲಿ ಕಾಣಿಸುವುದು ಕೊಳ್ಳುವ ಮತ್ತು ಮಾರುವ ದರಗಳ ಮಧ್ಯದ ದರ. ಆ ದರಕ್ಕೆ ನಿಮಗೆ ಯಾರೂ ಡಾಲರ್ ಕೊಡುವುದಿಲ್ಲ. "ನಮ್ಮಲ್ಲಿ ಕಮಿಷನ್ ಇಲ್ಲ" ಎಂದು ಫಲಕ ಹಾಕಿರುವ ಅಂಗಡಿಯವನು ತನ್ನ ಲಾಭವನ್ನು ಆ ಅಂತರದಲ್ಲಿಯೇ ಇಟ್ಟಿರುತ್ತಾನೆ. ಎರಡನೆಯದು ಶೇಕಡಾವಾರು ಶುಲ್ಕ. ಸಾಮಾನ್ಯ ಕ್ರೆಡಿಟ್ ಕಾರ್ಡ್‌ಗಳಲ್ಲಿ ಇದು ಶೇ. 3.5ರಷ್ಟು ಇರುತ್ತದೆ, ಆ ಶುಲ್ಕದ ಮೇಲೆ ಶೇ. 18 ಜಿಎಸ್‌ಟಿ ಸೇರಿ ಶೇ. 4.13 ಆಗುತ್ತದೆ. ಮೂರನೆಯದು ಒಂದೇ ಮೊತ್ತದ ಶುಲ್ಕ, ಅಂದರೆ ಎಟಿಎಂನಿಂದ ನೂರು ತೆಗೆದರೂ ಸಾವಿರ ತೆಗೆದರೂ ಅಷ್ಟೇ ಕೀಳುವಂಥದ್ದು.

ನಿಮ್ಮ ಏಜೆಂಟರು, ಗೆಳತಿ ಮತ್ತು ಮೈದುನ ಮೂವರೂ ಒಂದೊಂದು ತೂತನ್ನು ಮಾತ್ರ ನೋಡಿ ಮಾತಾಡುತ್ತಿದ್ದಾರೆ. ಮೂರನ್ನೂ ಕೂಡಿಸಿ ನೋಡಿದರೆ ಒಂದೇ ಉಪಾಯ ಇಡೀ ಪ್ರವಾಸಕ್ಕೆ ಅಗ್ಗವಾಗುವುದು ಬಹಳ ಅಪರೂಪ.

ಕೊಥ್ರೂಡ್ ಗಣಿತ ಮೇಷ್ಟ್ರು

ಮಾಟುಂಗದ ರಾಯರು ತತ್ತ್ವ ಹೇಳಿದ್ದಾರೆ, ನಾನು ಅಂಕಿಗಳನ್ನು ಇಡುತ್ತೇನೆ. ಒಂದು ಸಿಂಗಾಪುರ ಡಾಲರ್‌ಗೆ ಮಧ್ಯದ ದರ ₹70 ಎಂದು ಇಟ್ಟುಕೊಳ್ಳೋಣ. ನಿಜವಾದ ದರ ದಿನವೂ ಬದಲಾಗುತ್ತದೆ, ಇದು ಲೆಕ್ಕದ ಸುಲಭಕ್ಕೆ ಮಾತ್ರ. ಖರ್ಚು ₹1,00,000.

ಸಾಮಾನ್ಯ ಕ್ರೆಡಿಟ್ ಕಾರ್ಡ್‌ನಲ್ಲಿ ಉಜ್ಜಿದರೆ ಶುಲ್ಕ ₹3,500, ಅದರ ಮೇಲಿನ ತೆರಿಗೆ ₹630, ಒಟ್ಟು ನಷ್ಟ ₹4,130. ಫಾರೆಕ್ಸ್ ಕಾರ್ಡ್‌ಗೆ ತುಂಬುವಾಗ ಬ್ಯಾಂಕ್ ₹71.40 ದರ ಹಾಕಿತು ಎಂದಾದರೆ ನಿಮಗೆ ಸಿಗುವುದು 1,428 ಡಾಲರ್ ಅಲ್ಲ, 1,400. ಇಪ್ಪತ್ತೆಂಟು ಡಾಲರ್ ಎಲ್ಲಿ ಹೋಯಿತು ಎಂದು ಯಾವ ರಸೀದಿಯೂ ಹೇಳುವುದಿಲ್ಲ, ಆದರೆ ಅದು ಸುಮಾರು ₹1,960. ವಿನಿಮಯದ ಮೇಲಿನ ಜಿಎಸ್‌ಟಿ ₹180 ಬೇರೆ. ಮಾರ್ಕಪ್ ಇಲ್ಲದ ಕಾರ್ಡ್‌ನಲ್ಲಿ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಆ ದಿನ ಹಾಕುವ ದರ ಮಧ್ಯದ ದರಕ್ಕೆ ಬಹಳ ಹತ್ತಿರ ಇರುತ್ತದೆ, ಮೇಲೆ ಏನೂ ಇಲ್ಲ.

ಈ ಲೆಕ್ಕದಲ್ಲಿ ಪಿಂಪ್ರಿಯವರು ಗೆದ್ದರು ಎಂದು ಕಾಣಬಹುದು. ಆದರೆ ಬ್ಯಾಂಕಾಕ್‌ನ ರಸ್ತೆ ಬದಿಯ ಅಂಗಡಿಯಲ್ಲಿ ಕಾರ್ಡ್ ಉಜ್ಜಲು ಯಂತ್ರವೇ ಇಲ್ಲದಿದ್ದರೆ ಏನು ಮಾಡುತ್ತೀರಿ? ಎಟಿಎಂಗೆ ಹೋಗುತ್ತೀರಿ. ಥಾಯ್ಲೆಂಡಿನ ಎಟಿಎಂಗಳು ವಿದೇಶಿ ಕಾರ್ಡ್‌ಗೆ ಪ್ರತಿ ಬಾರಿ ಸುಮಾರು 220 ಬಾತ್ ಕೀಳುತ್ತವೆ (ವಾಂಗಿಬಾತ್ ಅಲ್ಲ, ಅಲ್ಲಿಯ ನಾಣ್ಯ). 2,000 ಬಾತ್ ತೆಗೆದರೆ ಅದು ಶೇ. 11, 20,000 ತೆಗೆದರೆ ಶೇ. 1.1. ಮೊದಲನೆಯದರಲ್ಲಿ ಮೂಗಿಗಿಂತ ಮೂಗುತಿಯೇ ಭಾರ. ನಿಮ್ಮ ಮಾರ್ಕಪ್ ಸೊನ್ನೆಯಾದರೂ ಆ ಶುಲ್ಕ ತಪ್ಪುವುದಿಲ್ಲ, ಏಕೆಂದರೆ ಅದನ್ನು ಕೀಳುವುದು ನಿಮ್ಮ ಬ್ಯಾಂಕ್ ಅಲ್ಲ, ಅಲ್ಲಿಯ ಎಟಿಎಂ.

ಪಿಂಪ್ರಿಯ ಎಂಜಿನಿಯರ್

ಮೇಷ್ಟ್ರೇ, ನೀವು ರಿವಾರ್ಡ್ ಪಾಯಿಂಟ್‌ಗಳನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಶೇ. 2 ಮಾರ್ಕಪ್ ಇರುವ ದುಬಾರಿ ಕಾರ್ಡ್‌ನಲ್ಲಿ ತೆರಿಗೆ ಸೇರಿ ಲಕ್ಷಕ್ಕೆ ₹2,360 ಹೋಗುತ್ತದೆ, ಆದರೆ ಪಾಯಿಂಟ್‌ಗಳಲ್ಲಿ ಶೇ. 3ಕ್ಕಿಂತ ಹೆಚ್ಚು ಹಿಂದಕ್ಕೆ ಬರುವುದಾದರೆ ನಾವೇ ಲಾಭದಲ್ಲಿರುತ್ತೇವೆ.

ಕೊಥ್ರೂಡ್ ಗಣಿತ ಮೇಷ್ಟ್ರು

ಬರುವುದಾದರೆ. ಆ ಕಾರ್ಡ್‌ನ ವಾರ್ಷಿಕ ಶುಲ್ಕವನ್ನೂ, ಪಾಯಿಂಟ್‌ಗಳನ್ನು ನಿಜವಾಗಿ ಎಷ್ಟು ರೂಪಾಯಿಗೆ ಬಳಸಿದಿರಿ ಎಂಬುದನ್ನೂ ಸೇರಿಸಿ ಮತ್ತೆ ಬನ್ನಿ. ಶೇ. 1 ಪಾಯಿಂಟ್ ಕೊಡುವ ಸಾಧಾರಣ ಕಾರ್ಡ್ ಹಿಡಿದು ಶೇ. 4.13 ಕಳೆದುಕೊಂಡು ಸಂತೋಷಪಡುವವರೇ ನಮ್ಮಲ್ಲಿ ಹೆಚ್ಚು.

ಠಾಣೆಯ ತಿರುಗಾಟ

ಇಷ್ಟೆಲ್ಲ ಶೇಕಡಾ ಲೆಕ್ಕ ಹಾಕಿದ ಮೇಲೂ ಒಂದು ಗುಂಡಿ ತಪ್ಪಾಗಿ ಒತ್ತಿದರೆ ಎಲ್ಲವೂ ನೀರುಪಾಲು. ನನ್ನ ಅನುಭವ ಕೇಳಿ. ಕಳೆದ ವರ್ಷ ಬ್ಯಾಂಕಾಕ್‌ನಲ್ಲಿ ರಾತ್ರಿ ಹನ್ನೊಂದಕ್ಕೆ ಒಂದು ಎಟಿಎಂ ಮುಂದೆ ನಿಂತಿದ್ದೆ. ಪರದೆಯ ಮೇಲೆ ದೊಡ್ಡ ಹಸಿರು ಚೌಕದಲ್ಲಿ ರೂಪಾಯಿಯ ಮೊತ್ತ, ಅದರ ಮೇಲೆ "ಪರಿವರ್ತನೆಯೊಂದಿಗೆ ಮುಂದುವರಿಯಿರಿ" ಎಂಬ ಇಂಗ್ಲಿಷ್ ಸಾಲು. ಕೆಳಗೆ ಮೂಲೆಯಲ್ಲಿ ಬೂದು ಬಣ್ಣದ ಸಣ್ಣ ಅಕ್ಷರಗಳಲ್ಲಿ "ಪರಿವರ್ತನೆ ಬೇಡ". ಬೇಡ ಎಂದರೆ ವ್ಯವಹಾರವೇ ರದ್ದಾಗಿ ಕಾರ್ಡ್ ಒಳಗೆ ಸಿಕ್ಕಿಕೊಳ್ಳುತ್ತದೆ ಎಂಬ ಭಯದಿಂದ ಹಸಿರನ್ನು ಒತ್ತಿದೆ. ಮರುದಿನ ಕುಳಿತು ಲೆಕ್ಕ ಹಾಕಿದಾಗ ಆ ದಿನದ ದರಕ್ಕಿಂತ ಶೇ. 6ರಷ್ಟು ಹೆಚ್ಚು ಹೋಗಿತ್ತು.

ಇದನ್ನು ಡಿಸಿಸಿ, ಅಂದರೆ ಡೈನಾಮಿಕ್ ಕರೆನ್ಸಿ ಕನ್ವರ್ಷನ್ ಎನ್ನುತ್ತಾರೆ. ಎಟಿಎಂನಲ್ಲಿಯೂ ಅಂಗಡಿಯ ಯಂತ್ರದಲ್ಲಿಯೂ "ರೂಪಾಯಿಯಲ್ಲಿ ಕೊಡುತ್ತೀರಾ, ಇಲ್ಲಿಯ ಹಣದಲ್ಲಿ ಕೊಡುತ್ತೀರಾ" ಎಂದು ಕೇಳುತ್ತಾರೆ. ನಮ್ಮ ರೂಪಾಯಿ ಕಂಡರೆ ಮನಸ್ಸಿಗೆ ಹಿತವೆನಿಸುತ್ತದೆ, ಆ ಹಿತಕ್ಕೇ ಅವರು ಹಣ ಕೀಳುವುದು. ಯಾವಾಗಲೂ ಅಲ್ಲಿಯ ಹಣವನ್ನೇ ಆರಿಸಬೇಕು. ಬೇಡ ಎಂದು ಒತ್ತಿದರೂ ನೋಟು ಬಂದೇ ಬರುತ್ತದೆ. ಅಂಗಡಿಯಲ್ಲಿ ಅವರೇ ರೂಪಾಯಿ ಒತ್ತಿಬಿಟ್ಟಿದ್ದರೆ ಸಹಿ ಮಾಡುವ ಮೊದಲೇ ಚೀಟಿ ನೋಡಿ, ಆ ವ್ಯವಹಾರವನ್ನು ರದ್ದು ಮಾಡಿಸಿ ಮತ್ತೆ ಉಜ್ಜಿಸಿ.

ಮಾಟುಂಗದ ನಿವೃತ್ತ

ಬಹಳ ಮುಖ್ಯವಾದ ಮಾತು. ಇದಕ್ಕೆ ಒಂದು ಬಾಲವನ್ನೂ ಸೇರಿಸುತ್ತೇನೆ: ವಿದೇಶಿ ವ್ಯಾಪಾರಿಯ ಬಳಿ ರೂಪಾಯಿಯಲ್ಲಿ ವ್ಯವಹಾರ ಮಾಡಿದರೂ ನಮ್ಮ ಅನೇಕ ಬ್ಯಾಂಕ್‌ಗಳು ಅದರ ಮೇಲೆ ಶೇ. 1ರಷ್ಟು ಶುಲ್ಕವನ್ನು ತೆರಿಗೆಯೊಂದಿಗೆ ಹಾಕುತ್ತವೆ. ಮನೆಯಲ್ಲಿಯೇ ಕುಳಿತು ರೂಪಾಯಿ ತೋರಿಸುವ ಜಾಲತಾಣದಲ್ಲಿ ಹೋಟೆಲ್ ಕಾಯ್ದಿರಿಸಿದರೂ, ಆ ಕಂಪನಿ ಹೊರದೇಶದಲ್ಲಿ ನೋಂದಣಿಯಾಗಿದ್ದರೆ ಇದೇ ಕಥೆ. ತಿಂಗಳ ಬಿಲ್ಲಿನಲ್ಲಿ ಒಂದು ಸಣ್ಣ ಸಾಲಾಗಿ ಬರುತ್ತದೆ, ಯಾರೂ ಓದುವುದಿಲ್ಲ.

ಕಲಂಗುಟ್ ಕೌಂಟರ್

ನಾನು ಗೋವಾದಲ್ಲಿ ಪರವಾನಗಿ ಇರುವ ಹಣ ವಿನಿಮಯದ ಅಂಗಡಿಯಲ್ಲಿ ಏಳು ವರ್ಷದಿಂದ ಇದ್ದೇನೆ. ಎಲ್ಲರೂ ನಮ್ಮನ್ನು ಬೈಯುತ್ತಿರುವುದರಿಂದ ಗಾಜಿನ ಈಚೆ ಬದಿಯ ಮಾತನ್ನೂ ಹೇಳುತ್ತೇನೆ.

ಫಲಕದ ಮೇಲಿನ ದರ ಮಾತುಕತೆಯ ಆರಂಭ ಮಾತ್ರ. ಐನೂರು ಡಾಲರ್‌ಗಿಂತ ಹೆಚ್ಚು ಕೊಳ್ಳುವವರು ಕೇಳಿದರೆ ನಾವು ಪೈಸೆಗಳಲ್ಲಿ ಇಳಿಯುತ್ತೇವೆ, ಆದರೆ ಕೇಳುವವರೇ ಕಡಿಮೆ. ಡಾಲರ್‌ನಲ್ಲಿ ನಮ್ಮ ಅಂತರ ತೀರ ಸಣ್ಣದು, ಏಕೆಂದರೆ ಅದು ದಿನವೂ ಬಂದು ಹೋಗುವ ಹಣ. ಥಾಯ್ ಬಾತ್ ಹಾಗಲ್ಲ: ತರಿಸಬೇಕು, ಇಟ್ಟುಕೊಳ್ಳಬೇಕು, ಮಾರಾಟವಾಗದಿದ್ದರೆ ನಷ್ಟ. ಆದ್ದರಿಂದ ಅದರಲ್ಲಿ ಅಂತರ ದೊಡ್ಡದಾಗಿಯೇ ಇರುತ್ತದೆ. ಇಲ್ಲಿಂದ ಡಾಲರ್ ಒಯ್ದು ಬ್ಯಾಂಕಾಕ್‌ನಲ್ಲಿ ಬಾತ್ ಮಾಡಿಸಿದರೆ ಎರಡು ಸಲ ಅಂತರ ಕೊಟ್ಟಂತಾಗುತ್ತದೆ ನಿಜ, ಆದರೆ ಎರಡೂ ಸಣ್ಣ ಅಂತರಗಳು. ಅಲ್ಲಿ ಸೂಪರ್‌ರಿಚ್‌ನಂಥ ಅಂಗಡಿಗಳ ದರ ಚೆನ್ನಾಗಿರುತ್ತದೆ. ಸುವರ್ಣಭೂಮಿ ವಿಮಾನ ನಿಲ್ದಾಣದಲ್ಲಿ ಹೊರಬರುವ ಅಂತಸ್ತಿನ ಕೌಂಟರ್‌ಗಳನ್ನು ಬಿಟ್ಟು, ರೈಲು ಹಿಡಿಯುವ ನೆಲಮಾಳಿಗೆಗೆ ಇಳಿದರೆ ದರ ಬೇರೆಯೇ.

ನೂರರ ನೋಟುಗಳನ್ನೇ ಕೇಳಿ ಪಡೆಯಿರಿ. ಅಲ್ಲಿ ನೂರರ ನೋಟಿಗೆ ಒಂದು ದರ, ಇಪ್ಪತ್ತು ಹತ್ತರ ನೋಟಿಗೆ ಅದಕ್ಕಿಂತ ಕಡಿಮೆ ದರ. ಮುದ್ರೆ ಬಿದ್ದ, ಮೂಲೆ ಹರಿದ, ಪೆನ್ನಿನ ಗೀರು ಇರುವ ನೋಟನ್ನು ಕೌಂಟರ್‌ನಲ್ಲಿಯೇ ಹಿಂದಿರುಗಿಸಿ. ಬೆಳಕಿಗೆ ಹಿಡಿದು ಒಂದೊಂದಾಗಿ ನೋಡಿದರೆ ನಮಗೆ ಕೋಪ ಬರುವುದಿಲ್ಲ. ನಾವೂ ಕೊಳ್ಳುವಾಗ ಹಾಗೆಯೇ ನೋಡುತ್ತೇವೆ.

ಮೀರಾ ರೋಡ್ ಶೆಟ್ಟಿ

ನೋಡಿದಿರಾ, ಕೊನೆಗೆ ನೋಟಿಗೇ ಬಂದಿರಿ. ನಮ್ಮ ಕಡೆ ಒಬ್ಬರು ಬಿಲ್ ಬೇಡ ಎಂದರೆ ಡಾಲರ್‌ಗೆ ಇನ್ನೂ ಐವತ್ತು ಪೈಸೆ ಕಡಿಮೆ ಮಾಡಿ ಮನೆಗೇ ತಂದುಕೊಡುತ್ತಾರೆ.

ಮಾಟುಂಗದ ನಿವೃತ್ತ

ಶೆಟ್ಟರೇ, ಅದನ್ನು ಇಲ್ಲಿ ಬರೆಯಬಾರದಿತ್ತು, ಮಾಡಲಂತೂ ಬಾರದು. 1999ರ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ, ನಾವು ಫೆಮಾ ಎನ್ನುವುದು, ಅಧಿಕೃತ ಪರವಾನಗಿ ಇದ್ದವರಿಂದಲೇ ವಿದೇಶಿ ಹಣ ಕೊಳ್ಳಬೇಕು ಎನ್ನುತ್ತದೆ. ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್‌ನವರು ಬಿಲ್ ಕೇಳಿದರೆ ಆ ಐವತ್ತು ಪೈಸೆಯವನು ಬರುತ್ತಾನೆಯೇ? ನಕಲಿ ನೋಟು ಸಿಕ್ಕರೆ ಯಾರ ಕೊರಳಪಟ್ಟಿ ಹಿಡಿಯುತ್ತೀರಿ?

ನೋಟು ಒಯ್ಯುವುದಾದರೆ ನಿಯಮ ತಿಳಿದಿರಲಿ. ಒಬ್ಬರು ಒಂದು ಪ್ರವಾಸಕ್ಕೆ ಬಹುತೇಕ ದೇಶಗಳಿಗೆ 3,000 ಅಮೆರಿಕನ್ ಡಾಲರ್ ಮೌಲ್ಯದ ನೋಟುಗಳನ್ನು ಮಾತ್ರ ಕೊಳ್ಳಬಹುದು, ಉಳಿದದ್ದು ಕಾರ್ಡ್‌ನಲ್ಲಿಯೇ ಹೋಗಬೇಕು. ಅಂಗಡಿಗೆ ರೂಪಾಯಿಯನ್ನು ನಗದಾಗಿ ಕೊಡುವುದಾದರೆ ₹50,000ವರೆಗೆ ಮಾತ್ರ, ಅದಕ್ಕಿಂತ ಹೆಚ್ಚಾದರೆ ಖಾತೆಯಿಂದ ಕೊಡಬೇಕು. ವಾಪಸು ಬಂದ ಮೇಲೆ 2,000 ಡಾಲರ್‌ವರೆಗಿನ ನೋಟುಗಳನ್ನು ಇಟ್ಟುಕೊಳ್ಳಬಹುದು, ಮಿಕ್ಕಿದ್ದನ್ನು 180 ದಿನಗಳೊಳಗೆ ಮಾರಬೇಕು.

ಮೀರಾ ರೋಡ್ ಶೆಟ್ಟಿ

ಸರಿ ಹಿರಿಯರೇ, ತಪ್ಪಾಯಿತು. ಬಿಲ್ ತೆಗೆದುಕೊಂಡೇ ಕೊಳ್ಳೋಣ. ಆದರೆ ನೋಟೇ ಕೊಳ್ಳೋಣ.

ದೊಂಬಿವಲಿಯ ಸೊಸೆ

ಇಷ್ಟು ವಿವರ ಸಿಗುತ್ತದೆ ಎಂದು ಎಣಿಸಿರಲಿಲ್ಲ. ಎರಡು ಪ್ರಶ್ನೆಗಳು ಉಳಿದಿವೆ. ಮೈದುನ ಹೇಳುವ ಯುಪಿಐ ನಿಜವೇ? ಶೇ. 20 ತೆರಿಗೆ ಹಿಡಿಯುತ್ತಾರೆ ಎಂದು ಏಜೆಂಟರು ಹೆದರಿಸಿದ್ದಾರೆ, ಅದು ನಿಜವೇ?

ವಾಸ್ಕೋದ ಟೀಚರ್

ಯುಪಿಐ ಅರ್ಧ ನಿಜ. ಭೂತಾನ್‌ನಲ್ಲಿ 2021ರಲ್ಲಿ ಬಂತು. 2024ರ ಫೆಬ್ರವರಿಯಲ್ಲಿ ಶ್ರೀಲಂಕಾ ಮತ್ತು ಮಾರಿಷಸ್‌ನಲ್ಲಿ, ಪ್ಯಾರಿಸ್‌ನ ಐಫೆಲ್ ಗೋಪುರದ ಟಿಕೆಟ್‌ಗೂ ಬಂತು. ನೇಪಾಳ, ಯುಎಇ, ಸಿಂಗಾಪುರಗಳಲ್ಲಿ ಕೆಲವು ಅಂಗಡಿಗಳಲ್ಲಿ ನಡೆಯುತ್ತದೆ. "ಕೆಲವು" ಎಂಬ ಪದವನ್ನು ನಿಮ್ಮ ಮೈದುನನಿಗೆ ಎರಡು ಸಲ ಓದಿಸಿ. ಸಿಂಗಾಪುರದ ಹಣ ಪಾವತಿ ವ್ಯವಸ್ಥೆಯಾದ ಪೇನೌ ಜೊತೆಗೆ 2023ರಲ್ಲಿ ಮಾಡಿದ ಜೋಡಣೆ ಜನರಿಂದ ಜನರಿಗೆ ಹಣ ಕಳುಹಿಸಲು ಇರುವುದು. ಅದನ್ನೇ ಅಂಗಡಿಯ ಪಾವತಿ ಎಂದು ಅನೇಕರು ತಪ್ಪಾಗಿ ತಿಳಿದಿದ್ದಾರೆ. ಗೋಡೆಯ ಮೇಲೆ ಕ್ಯೂಆರ್ ಚೌಕ ಕಂಡಿತು ಎಂದ ಮಾತ್ರಕ್ಕೆ ಅದು ನಮ್ಮ ಯುಪಿಐಗೆ ಹೊಂದುವುದಿಲ್ಲ. ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ಯುಪಿಐ ಎಂಬುದನ್ನು ಮೊದಲೇ ಚಾಲೂ ಮಾಡಿಕೊಂಡಿರಬೇಕು. ಪಿನ್ ಹಾಕುವ ಮೊದಲು ರೂಪಾಯಿ ಮೊತ್ತ ತೋರಿಸುತ್ತದೆ. ಬ್ಯಾಂಕಿನ ಪರಿವರ್ತನೆ ಶುಲ್ಕ ಅದರೊಳಗೇ ಇರುವುದರಿಂದ ಅದನ್ನು ಮಧ್ಯದ ದರದೊಂದಿಗೆ ಹೋಲಿಸಿ ನೋಡಿ. ಸಿಕ್ಕರೆ ಬಳಸಿ, ನಂಬಿ ಹೋಗಬೇಡಿ. ಊಟಕ್ಕಿಲ್ಲದ ಉಪ್ಪಿನಕಾಯಿ ಎಷ್ಟು ರುಚಿಯಿದ್ದರೇನು?

ಮಾಟುಂಗದ ನಿವೃತ್ತ

ತೆರಿಗೆಯ ಬಗ್ಗೆ ಹೇಳುತ್ತೇನೆ. ಅದು ಟಿಸಿಎಸ್, ಅಂದರೆ ಹಣ ಕಟ್ಟುವಾಗಲೇ ಮುಂಗಡವಾಗಿ ಹಿಡಿಯುವ ತೆರಿಗೆ. ನೀವೇ ಕೊಳ್ಳುವ ನೋಟು ಮತ್ತು ಫಾರೆಕ್ಸ್ ಕಾರ್ಡ್‌ಗೆ, 2025ರ ಏಪ್ರಿಲ್ 1ರಿಂದ ಒಬ್ಬರಿಗೆ ಒಂದು ಆರ್ಥಿಕ ವರ್ಷದಲ್ಲಿ ₹10 ಲಕ್ಷ ದಾಟುವವರೆಗೆ ಅದು ಇಲ್ಲ. ಅದಕ್ಕೂ ಮೊದಲು ಮಿತಿ ₹7 ಲಕ್ಷ ಇತ್ತು. ನಾಲ್ವರ ಎರಡೂವರೆ ಲಕ್ಷ ಆ ಗೆರೆಯ ಹತ್ತಿರಕ್ಕೂ ಬರುವುದಿಲ್ಲ. ಏಜೆಂಟರು ಕಟ್ಟಿಕೊಡುವ ಇಡೀ ಪ್ಯಾಕೇಜ್‌ಗೆ ಮಾತ್ರ ಬೇರೆ ನಿಯಮ, ನೀವು ಪ್ಯಾಕೇಜ್ ತೆಗೆದುಕೊಂಡಿಲ್ಲ. ಹೊರದೇಶದಲ್ಲಿ ಕ್ರೆಡಿಟ್ ಕಾರ್ಡ್ ಉಜ್ಜುವುದನ್ನು ಈ ಲೆಕ್ಕಕ್ಕೆ ತರಬೇಕೆಂದು 2023ರಲ್ಲಿ ಹೊರಟ ಸರ್ಕಾರ ಆಮೇಲೆ ಅದನ್ನು ಮುಂದೂಡಿತು. ಎಲ್ಲಕ್ಕಿಂತ ಮುಖ್ಯವಾಗಿ, ಟಿಸಿಎಸ್ ಕಳೆದುಹೋದ ಹಣವಲ್ಲ. ರಿಟರ್ನ್ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು.

ಪಿಂಪ್ರಿಯ ಎಂಜಿನಿಯರ್

ಹೊರಡುವ ಮೊದಲು ಬ್ಯಾಂಕಿನ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ಬಳಕೆಯ ಸ್ವಿಚ್ ಹಾಕಲು ಮರೆಯಬೇಡಿ. ರಿಸರ್ವ್ ಬ್ಯಾಂಕ್ 2020ರಲ್ಲಿ ತಂದ ನಿಯಮದಿಂದ ಹೊಸ ಕಾರ್ಡ್‌ಗಳಲ್ಲಿ ಅದು ಆರಿಯೇ ಇರುತ್ತದೆ. ಇನ್ನೊಂದು ಮಾತು: ಕ್ರೆಡಿಟ್ ಕಾರ್ಡ್‌ನಿಂದ ಎಟಿಎಂನಲ್ಲಿ ನೋಟು ತೆಗೆಯಲೇಬೇಡಿ, ಸಾಮಾನ್ಯವಾಗಿ ಅದೇ ದಿನದಿಂದ ಬಡ್ಡಿ ಶುರುವಾಗುತ್ತದೆ.

ಠಾಣೆಯ ತಿರುಗಾಟ

ಫಾರೆಕ್ಸ್ ಕಾರ್ಡ್‌ನ ಪರವಾಗಿ ಯಾರೂ ಮಾತಾಡಲಿಲ್ಲವಲ್ಲ? ಅದಕ್ಕೂ ಗುಣಗಳಿವೆ. ತುಂಬಿದ ದಿನದ ದರವೇ ಕೊನೆಯವರೆಗೂ ಇರುತ್ತದೆ, ಕಳೆದುಹೋದರೂ ಮೂಲ ಖಾತೆಗೆ ಯಾರೂ ಕೈ ಹಾಕಲಾರರು. ಆದರೆ ಅದರಲ್ಲಿ ಅಮೆರಿಕನ್ ಡಾಲರ್ ತುಂಬಿ ಬಾತ್‌ನಲ್ಲಿ ಖರ್ಚು ಮಾಡಿದರೆ ಮತ್ತೆ ಕ್ರಾಸ್ ಕರೆನ್ಸಿ ಶುಲ್ಕ ಬೀಳುತ್ತದೆ. ಖರ್ಚು ಮಾಡುವ ದೇಶದ ಹಣವನ್ನೇ ತುಂಬಬೇಕು, ಉಳಿಯದಷ್ಟೇ ತುಂಬಬೇಕು, ಏಕೆಂದರೆ ಉಳಿದದ್ದನ್ನು ಬ್ಯಾಂಕ್ ತನ್ನ ಖರೀದಿ ದರಕ್ಕೆ ವಾಪಸು ತೆಗೆದುಕೊಳ್ಳುತ್ತದೆ. ಹೋಟೆಲ್‌ನ ಮುಂಗಡ ಠೇವಣಿಗೆ ಮಾತ್ರ ಅದನ್ನು ಕೊಡಬೇಡಿ. ನನ್ನ 300 ಡಾಲರ್ ಠೇವಣಿ ಬಿಡುಗಡೆಯಾಗಿ ಕಾರ್ಡ್‌ಗೆ ಬರುವಷ್ಟರಲ್ಲಿ ಮೂರು ವಾರ ಕಳೆದಿತ್ತು, ನಾನು ಠಾಣೆಯಲ್ಲಿ ಕುಳಿತು ವಡಾ ಪಾವ್ ತಿನ್ನುತ್ತಿದ್ದೆ.

ವಾಸ್ಕೋದ ಟೀಚರ್

ಸಿಂಗಾಪುರದ ಮೆಟ್ರೋ ಮತ್ತು ಬಸ್ಸಿನಲ್ಲಿ ನಮ್ಮ ವೀಸಾ, ಮಾಸ್ಟರ್‌ಕಾರ್ಡ್‌ಗಳನ್ನೇ ತಾಗಿಸಿ ಹೋಗಬಹುದು, ಆದರೆ ಒಬ್ಬರಿಗೆ ಒಂದು ಕಾರ್ಡ್ ಬೇಕು, ವಿದೇಶಿ ಕಾರ್ಡ್‌ಗೆ ಬಳಸಿದ ದಿನಕ್ಕೆ 60 ಸೆಂಟ್ ಶುಲ್ಕವೂ ಇದೆ. ಅತ್ತೆ ಮಾವನವರಿಗೆ ಅಲ್ಲಿಯೇ ಈಝೀ ಲಿಂಕ್ ಎಂಬ ಪ್ರಯಾಣದ ಕಾರ್ಡ್ ಕೊಡಿಸುವುದು ಮೇಲು.

ದೊಂಬಿವಲಿಯ ಸೊಸೆ

ಎಲ್ಲರಿಗೂ ಮತ್ತೆ ನಮಸ್ಕಾರ. ಹೋಗಿ ಬಂದು ನಾಲ್ಕು ದಿನವಾಯಿತು, ಲೆಕ್ಕ ಒಪ್ಪಿಸುತ್ತಿದ್ದೇನೆ.

ಮುಂಬೈನ ಫೋರ್ಟ್‌ನಲ್ಲಿ ಮೂರು ಅಂಗಡಿಗಳಲ್ಲಿ ವಿಚಾರಿಸಿ 800 ಡಾಲರ್ ಕೊಂಡೆವು. ಆ ದಿನದ ಮಧ್ಯದ ದರಕ್ಕಿಂತ 60 ಪೈಸೆ ಹೆಚ್ಚು ಕೊಟ್ಟೆವು. ಮೊದಲ ಅಂಗಡಿಯವರು ಅದನ್ನೇ ಒಂದು ರೂಪಾಯಿ ಎಂಬತ್ತು ಪೈಸೆ ಹೆಚ್ಚು ಹೇಳಿದ್ದರು. ಮಾವನವರು ಎಂಟೂ ನೋಟುಗಳನ್ನು ಟ್ಯೂಬ್‌ಲೈಟ್‌ಗೆ ಹಿಡಿದು ನೋಡಿ, ಒಂದರ ಅಂಚಿನಲ್ಲಿ ನೀಲಿ ಶಾಯಿಯ ಚುಕ್ಕೆ ಇದೆ ಎಂದು ಬದಲಾಯಿಸಿದರು. ಆಮೇಲೆ ಎಲ್ಲವೂ ಒಳಜೇಬಿಗೆ ಹೋದವು. ಸುವರ್ಣಭೂಮಿಯ ನೆಲಮಾಳಿಗೆಯಲ್ಲಿ ನೂರು, ಆಮೇಲೆ ಆರುನೂರನ್ನು ಊರೊಳಗೆ ಬಾತ್ ಮಾಡಿಸಿದೆವು. ಎಟಿಎಂಗೆ ಒಮ್ಮೆಯೂ ಹೋಗಲಿಲ್ಲ. ಹೋಟೆಲ್, ದೊಡ್ಡ ಅಂಗಡಿ ಮತ್ತು ಸಿಂಗಾಪುರದ ಬಹುತೇಕ ಖರ್ಚು ಮಾರ್ಕಪ್ ಇಲ್ಲದ ಕಾರ್ಡ್‌ನಲ್ಲಿ ಆಯಿತು. ಯುಪಿಐ ಸಿಂಗಾಪುರದಲ್ಲಿ ಒಂದೇ ಒಂದು ಅಂಗಡಿಯಲ್ಲಿ ನಡೆಯಿತು. ಮೈದುನನಿಗೆ ಅದರ ಚಿತ್ರ ಕಳುಹಿಸಿದೆ, ಅವನು ಅದನ್ನು ಸ್ಟೇಟಸ್ ಹಾಕಿಕೊಂಡಿದ್ದಾನೆ.

ತಪ್ಪು ಒಂದಾಯಿತು. ಸಿಂಗಾಪುರದ ಹೋಟೆಲ್‌ನಲ್ಲಿ 640 ಡಾಲರ್ ಬಿಲ್ಲಿಗೆ ಯಂತ್ರ ಎರಡು ಮೊತ್ತ ತೋರಿಸಿದಾಗ, ನಾನು ಅತ್ತೆಯವರ ಚಪ್ಪಲಿ ಹುಡುಕುತ್ತಿದ್ದೆ. ಯಜಮಾನರು ರೂಪಾಯಿ ಒತ್ತಿ ಲಿಫ್ಟ್‌ವರೆಗೆ ಬಂದುಬಿಟ್ಟಿದ್ದರು. ₹44,800 ಆಗಬೇಕಾದದ್ದು ₹46,900 ಆಗಿತ್ತು. ಓಡಿಹೋಗಿ ರದ್ದು ಮಾಡಿ ಎಂದು ಕೇಳಿದೆ. ಸಹಿಯಾಗಿದೆ, ಆಗುವುದಿಲ್ಲ ಎಂದರು. ಇಡೀ ಪ್ರವಾಸದಲ್ಲಿ ನೋಟು ಕೊಳ್ಳುವಾಗ ಕಳೆದುಕೊಂಡದ್ದು ಅದರ ಮೂರನೆಯ ಒಂದು ಭಾಗವೂ ಅಲ್ಲ.

ಠಾಣೆಯ ತಿರುಗಾಟ

ಯಜಮಾನರಿಗೆ ನನ್ನ ಸಂಘಕ್ಕೆ ಸ್ವಾಗತ ಎಂದು ತಿಳಿಸಿ.

ದೊಂಬಿವಲಿಯ ಸೊಸೆ

ಕೊನೆಯ ಪ್ರಶ್ನೆ: 100 ಅಮೆರಿಕನ್ ಡಾಲರ್ ನೋಟು ಹಾಗೆಯೇ ಉಳಿದಿದೆ, ಅದು ಇರಲಿ. ಹದಿನಾಲ್ಕು ಸಿಂಗಾಪುರ ಡಾಲರ್‌ನಷ್ಟು ನಾಣ್ಯಗಳೂ ಉಳಿದಿವೆ. ಯಾರಾದರೂ ಕೊಳ್ಳುತ್ತಾರೆಯೇ?

ಕಲಂಗುಟ್ ಕೌಂಟರ್

ನಾಣ್ಯವನ್ನು ನಾವು ಮುಟ್ಟುವುದಿಲ್ಲ.

ಕೊಥ್ರೂಡ್ ಗಣಿತ ಮೇಷ್ಟ್ರು

ನನ್ನ ಮಗಳು ಮುಂದಿನ ವಾರ ಸಿಂಗಾಪುರಕ್ಕೆ ಹೋಗುತ್ತಾಳೆ. ಮಧ್ಯದ ದರಕ್ಕೇ ಕೊಳ್ಳುತ್ತೇನೆ, ಅಂತರವಿಲ್ಲ, ಶುಲ್ಕವಿಲ್ಲ.

ಮಾಟುಂಗದ ನಿವೃತ್ತ

ಮೇಷ್ಟ್ರೇ, ನಿಮ್ಮ ಬಳಿ ಪರವಾನಗಿ ಇದೆಯೇ?

ದೊಂಬಿವಲಿಯ ಸೊಸೆ

ಜಗಳ ಬೇಡ. ಮಾವನವರು ಆಗಲೇ ಅವನ್ನು ದೇವರ ಮನೆಯ ಕುಂಕುಮದ ಡಬ್ಬಿಗೆ ಹಾಕಿಬಿಟ್ಟಿದ್ದಾರೆ.